ಆಣೆಕಲ್ಲಿನ ಲೆಕ್ಕ: ಪದವಿ ವಿದ್ಯಾರ್ಥಿಗಳನ್ನು ಅಡ್ಡಮಳೆಯ ಸಂಶೋಧನೆಗೆ ತೊಡಗಿಸುವ ಬಗೆ

ಏಪ್ರಿಲ್, ಮೇ ತಿಂಗಳುಗಳ ಇಳಿಹೊತ್ತಿನಲ್ಲಿ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮೇಲೆ ಎದ್ದು ಬರುವ ಗುಡುಗು ಸಿಡಿಲಿನ ಅಡ್ಡಮಳೆ ಒಂದು ಊರಿನ ಮಾವಿನ ತೋಪನ್ನು ಬರಿದು ಮಾಡಿ, ನಾಲ್ಕು ಕಿಲೋಮೀಟರ್ ಆಚೆಯ ಊರಿನಲ್ಲಿ ಅಂಗಳದ ಧೂಳನ್ನೂ ಅಡಗಿಸದೆ ಹೋಗುತ್ತದೆ. ಮಳೆ ಎಷ್ಟು ಬಿದ್ದಿತೆಂಬುದನ್ನು ಮಳೆಮಾಪಕ ಹೇಳುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಾಪಕಗಳನ್ನು ಹಾಕಿರುವುದರಿಂದ ಆ ಲೆಕ್ಕಕ್ಕೆ ದೊಡ್ಡ ಕೊರತೆಯಿಲ್ಲ. ಆದರೆ ಆಣೆಕಲ್ಲು ಬಿದ್ದಿತೇ, ಬಿದ್ದಿದ್ದರೆ ಎಷ್ಟು ದಪ್ಪನೆಯದು, ಎಷ್ಟು ಗಂಟೆಗೆ ಆರಂಭವಾಗಿ ಎಷ್ಟು ನಿಮಿಷ ಸುರಿಯಿತು ಎಂಬ ಪ್ರಶ್ನೆಗಳಿಗೆ ಮಳೆಮಾಪಕದಲ್ಲಿ ಉತ್ತರವಿಲ್ಲ. ಕಣ್ಣಾರೆ ಕಂಡವರು ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪದವಿ ತರಗತಿಯ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಹಚ್ಚಬೇಕೆಂದಿರುವ ಅಧ್ಯಾಪಕರು ಈ ಕೊರತೆಯಿಂದಲೇ ಕೆಲಸ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಈಗಾಗಲೇ ಮಾಡಿ ಮುಗಿಸಿದ್ದನ್ನು ಕಿರಿದಾಗಿ ಮತ್ತೆ ಮಾಡಿಸುವುದರಿಂದ ಹುಡುಗರಿಗೆ ಅಂಕ ದೊರೆಯಬಹುದು, ಸಂಶೋಧನೆಯ ರುಚಿ ಹತ್ತುವುದಿಲ್ಲ.

ಹವಾಮಾನಶಾಸ್ತ್ರವನ್ನೇ ಪದವಿಯ ಮುಖ್ಯ ವಿಷಯವಾಗಿ ಓದುವವರು ನಮ್ಮ ಕಡೆ ವಿರಳ. ಅದನ್ನು ಅಡ್ಡಿಯೆಂದು ಎಣಿಸಬೇಕಾಗಿಲ್ಲ. ಭೌತಶಾಸ್ತ್ರದ ಇಬ್ಬರು, ಭೂಗೋಳದ ಇಬ್ಬರು, ಸಂಖ್ಯಾಶಾಸ್ತ್ರ ಅಥವಾ ಗಣಿತದ ಒಬ್ಬರು, ಸಿಕ್ಕರೆ ಕೃಷಿ ಪದವಿಯ ಒಬ್ಬರು, ಹೀಗೆ ಆರರಿಂದ ಎಂಟು ಮಂದಿಯ ಗುಂಪು ಸಾಕು. ಅವರಲ್ಲಿ ಅರ್ಧದಷ್ಟಾದರೂ ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರಾಗಿರಲಿ. ನವಲಗುಂದ, ಕುಂದಗೋಳ, ಶಿಗ್ಗಾವಿ, ಮುಂಡರಗಿಯ ಕಡೆಯ ಹುಡುಗ ಹುಡುಗಿಯರಿಗೆ ತಮ್ಮ ಮನೆಯ ಅಂಗಳವೇ ವೀಕ್ಷಣಾಲಯವಾಗುತ್ತದೆ, ಮತ್ತು ಕಾಲೇಜಿನ ಮಾಳಿಗೆಯಲ್ಲಿ ಎಂಟು ಉಪಕರಣಗಳನ್ನು ಸಾಲಾಗಿ ಇಡುವುದಕ್ಕಿಂತ ಎಂಟು ಊರುಗಳಲ್ಲಿ ಒಂದೊಂದನ್ನು ಇಡುವುದು ಈ ಬಗೆಯ ಮಳೆಗೆ ಎಷ್ಟೋ ಮಿಗಿಲು. ಮೊದಲ ವರ್ಷದ ಅಥವಾ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ಆರಿಸಬೇಕು. ಕೊನೆಯ ವರ್ಷದವರಿಗೆ ಒಂದೇ ಬೇಸಿಗೆ ಉಳಿದಿರುತ್ತದೆ, ಆ ಬೇಸಿಗೆಯೂ ಪರೀಕ್ಷೆ ಮತ್ತು ಮುಂದಿನ ಓದಿನ ಚಿಂತೆಯಲ್ಲಿ ಕಳೆದುಹೋಗುತ್ತದೆ.

ಪ್ರಶ್ನೆಯನ್ನು ಚಿಕ್ಕದಾಗಿ ಹಿಡಿಯಿರಿ. "ಉತ್ತರ ಕರ್ನಾಟಕದ ಹವಾಮಾನ ಬದಲಾವಣೆ" ಎಂಬ ಶೀರ್ಷಿಕೆಯಡಿ ಬರುವ ಕಿರುಪ್ರಬಂಧಗಳನ್ನು ಓದಿ ನಾನು ದಣಿದಿದ್ದೇನೆ. "ಧಾರವಾಡದಲ್ಲಿ ಮೊದಲ ಗುಡುಗು ಕೇಳಿದ ಎಷ್ಟು ಹೊತ್ತಿನ ಮೇಲೆ ಗದಗಿನಲ್ಲಿ ಗುಡುಗು ಕೇಳುತ್ತದೆ, ಅಥವಾ ಕೇಳುವುದೇ ಇಲ್ಲವೇ?" ಎಂಬುದು ಒಳ್ಳೆಯ ಪ್ರಶ್ನೆ. ಹಾವೇರಿಯ ಕಡೆ ಆಣೆಕಲ್ಲು ಬಿದ್ದ ದಿನಗಳಿಗೂ ಬರಿಯ ಗುಡುಗು-ಮಳೆಯ ದಿನಗಳಿಗೂ ಆ ಬೆಳಗಿನ ಮೇಲ್ಗಾಳಿಯಲ್ಲಿ, ಅಂದರೆ ನೆಲದಿಂದ ಬಹಳ ಮೇಲಿನ ಗಾಳಿಯ ಪದರುಗಳಲ್ಲಿ, ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂಬುದು ಇನ್ನೊಂದು. ಪ್ರಶ್ನೆ ವಿದ್ಯಾರ್ಥಿಯದೇ ಆಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಮೊದಲ ವರ್ಷ ಪ್ರಶ್ನೆಯನ್ನು ಅಧ್ಯಾಪಕರೇ ಕೊಡಬೇಕಾಗುತ್ತದೆ, ಎರಡನೆಯ ವರ್ಷ ಆ ಪ್ರಶ್ನೆಯ ತಪ್ಪನ್ನು ವಿದ್ಯಾರ್ಥಿ ತಾನೇ ಹಿಡಿದು ತಿದ್ದುತ್ತಾನೆ.

ಈ ದಾರಿ ಹೊಸದೇನಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿ 1997ರ ಜುಲೈ 28ರಂದು ಸುರಿದ ಮಳೆ ಪ್ರವಾಹವನ್ನೇ ತಂದಾಗ, ಊರಿನ ಒಂದು ಮಗ್ಗುಲಿನ ಮಳೆಗೂ ಇನ್ನೊಂದು ಮಗ್ಗುಲಿನ ಮಳೆಗೂ ಇದ್ದ ಅಪಾರ ಅಂತರ ಅಧಿಕೃತ ಮಾಪಕಗಳಲ್ಲಿ ಸರಿಯಾಗಿ ದಾಖಲಾಗಲಿಲ್ಲ. ಮರುವರ್ಷ ಅಲ್ಲಿನ ವಿಶ್ವವಿದ್ಯಾಲಯದವರು ಸಾಮಾನ್ಯ ಜನರ ಕೈಗೆ ಮಳೆಮಾಪಕವನ್ನೂ ಆಣೆಕಲ್ಲಿನ ಹಲಗೆಯನ್ನೂ ಕೊಟ್ಟು ಕೊಕೊರಾಸ್ ಎಂಬ ವೀಕ್ಷಕರ ಜಾಲವನ್ನು ಆರಂಭಿಸಿದರು. ಅದು ಇಂದು ಆ ದೇಶದ ಉದ್ದಗಲಕ್ಕೂ ಹರಡಿದೆ. ನಮ್ಮ ದೇಶದಲ್ಲಿ ಬಂಗಾಳ ಮತ್ತು ಈಶಾನ್ಯ ರಾಜ್ಯಗಳ ಮೇಲೆ ಬೇಸಿಗೆಯಲ್ಲಿ ಎರಗುವ ಕಾಲಬೈಸಾಖಿ ಎಂಬ ಗುಡುಗು ಬಿರುಗಾಳಿಯನ್ನು ಅರಿಯಲು ಸ್ಟಾರ್ಮ್ ಎಂಬ ಯೋಜನೆ ಕೈಗೊಂಡು ವಿಶೇಷ ವೀಕ್ಷಣೆಗಳನ್ನು ನಡೆಸಲಾಯಿತು. ನಮ್ಮ ಅಡ್ಡಮಳೆ ಕಾಲಬೈಸಾಖಿಯಷ್ಟು ಹೆಸರು ಮಾಡಿಲ್ಲ, ಹಾಗಾಗಿಯೇ ಪದವಿ ವಿದ್ಯಾರ್ಥಿಗಳಿಗೆ ಇಲ್ಲಿ ಜಾಗವಿದೆ.

ಆಣೆಕಲ್ಲಿನ ಹಲಗೆಯನ್ನು ಮಾಡುವುದು ಬಹಳ ಸುಲಭ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ಥರ್ಮಾಕೋಲ್ ಹಾಳೆಗೆ ಅಲ್ಯೂಮಿನಿಯಂ ಫಾಯಿಲನ್ನು ಬಿಗಿಯಾಗಿ ಸುತ್ತಿ, ಹಿಂಬದಿಗೆ ಟೇಪು ಅಂಟಿಸಿ, ಕಟ್ಟಿಗೆಯ ಚೌಕಟ್ಟಿನಲ್ಲಿ ಕೂರಿಸಿ, ಮರ ಮತ್ತು ಗೋಡೆಗಳಿಂದ ದೂರ ಬಯಲಿನಲ್ಲಿ ಸಮತಟ್ಟಾಗಿ ಇಡಬೇಕು. ಆಣೆಕಲ್ಲು ಬಿದ್ದಲ್ಲಿ ಕುಳಿ ಮೂಡುತ್ತದೆ. ಕುಳಿಯ ಅಗಲದಿಂದ ಕಲ್ಲಿನ ಗಾತ್ರ, ಕುಳಿಗಳ ಎಣಿಕೆಯಿಂದ ಸುರಿತದ ದಟ್ಟಣೆ, ಕುಳಿಯ ಓರೆಯಿಂದ ಗಾಳಿಯ ದಿಕ್ಕು ತಿಳಿಯುತ್ತದೆ. ನಾವು ಈ ಕೆಲಸ ಆರಂಭಿಸಿದ ಮೊದಲ ವರ್ಷ ಇಟ್ಟ ಹಲಗೆಗಳಲ್ಲಿ ಮೂರನ್ನು ಆಣೆಕಲ್ಲು ಮುಟ್ಟುವ ಮೊದಲೇ ಮಂಗಗಳು ಕಿತ್ತು ಹಾಕಿದವು, ಹೊಳೆಯುವ ಹಾಳೆ ಅವಕ್ಕೆ ತಿಂಡಿಯ ಪೊಟ್ಟಣದಂತೆ ಕಂಡಿರಬೇಕು. ಅಂದಿನಿಂದ ಹಲಗೆಯ ಮೇಲೆ ದೊಡ್ಡ ಕಣ್ಣಿನ ತಂತಿಯ ಬಲೆಯನ್ನು ಹೊದಿಸಿ, ಮೋಡ ಕಟ್ಟಿದಾಗ ಮಾತ್ರ ತೆಗೆಯುವ ರೂಢಿ ಮಾಡಿದೆವು.

ಕುಳಿಯ ಅಗಲಕ್ಕೂ ಕಲ್ಲಿನ ಗಾತ್ರಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳೇ ಪ್ರಯೋಗದಿಂದ ಕಂಡುಕೊಳ್ಳಬೇಕು, ಮತ್ತು ಇಡೀ ಯೋಜನೆಯಲ್ಲಿ ಭೌತಶಾಸ್ತ್ರದ ಹುಡುಗರು ಅತ್ಯಂತ ಹುರುಪಿನಿಂದ ಮಾಡುವ ಕೆಲಸ ಇದೇ. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಹಳೆಯ ಬೇರಿಂಗ್ ಗುಂಡುಗಳು ಬೇರೆ ಬೇರೆ ಗಾತ್ರದಲ್ಲಿ ಸಿಗುತ್ತವೆ. ಉಕ್ಕಿನ ಗುಂಡು ಅದೇ ಗಾತ್ರದ ಆಣೆಕಲ್ಲಿಗಿಂತ ಎಂಟು ಪಟ್ಟಿಗೂ ಹೆಚ್ಚು ಭಾರವಾಗಿರುವುದರಿಂದ ಅದನ್ನು ಮುಗಿಲೆತ್ತರದಿಂದ ಬೀಳಿಸಬೇಕಾಗಿಲ್ಲ. ಆಣೆಕಲ್ಲು ನೆಲಕ್ಕೆ ಬಡಿಯುವಾಗ ಇರುವ ಚಲನಶಕ್ತಿಗೆ ಸಮನಾಗುವ ಎತ್ತರವನ್ನು ಲೆಕ್ಕ ಹಾಕಿ ಅಲ್ಲಿಂದ ಬಿಟ್ಟರೆ ಸಾಕು. 2 ಸೆಂಟಿಮೀಟರ್ ಗುಂಡಿಗೆ ಈ ಎತ್ತರ ಸುಮಾರು ಒಂದೂವರೆಯಿಂದ ಎರಡೂವರೆ ಮೀಟರಿನೊಳಗೆ ಬರುತ್ತದೆ. ಇಷ್ಟು ಅಂತರವೇಕೆ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಬೀಳುವ ಆಣೆಕಲ್ಲಿನ ಅಂತಿಮ ವೇಗಕ್ಕೆ, ಅಂದರೆ ಗಾಳಿಯ ತಡೆಯಿಂದಾಗಿ ಮತ್ತೆ ಹೆಚ್ಚದೆ ನಿಲ್ಲುವ ವೇಗಕ್ಕೆ, ಯಾವ ಸೂತ್ರವನ್ನು ಹಿಡಿಯುತ್ತೇವೆ, ಕಲ್ಲು ನುಣುಪಾಗಿದೆಯೆಂದು ಭಾವಿಸುತ್ತೇವೋ ಮುಳ್ಳುಮುಳ್ಳಾಗಿದೆಯೆಂದು ಭಾವಿಸುತ್ತೇವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಪಠ್ಯದಲ್ಲಿ ಒಂದೇ ಉತ್ತರವಿರುವ ಲೆಕ್ಕಗಳನ್ನು ಮಾಡುತ್ತ ಬಂದವರಿಗೆ ಅನಿಶ್ಚಿತತೆಯ ಪಾಠ ಇಲ್ಲಿ ಕೈಗೆ ಸಿಗುತ್ತದೆ. ಇದಕ್ಕೆ ಡಿಸೆಂಬರ್ ಮತ್ತು ಜನವರಿಯ ಶನಿವಾರಗಳನ್ನು ಮೀಸಲಿಡಿ, ಅವಸರ ಮಾಡಬೇಡಿ.

ದಾಖಲೆಯ ಶಿಸ್ತು ಎಲ್ಲಕ್ಕಿಂತ ಕಠಿಣ. ಮೊದಲನೆಯದು ಗಡಿಯಾರ. ಸಮಯವನ್ನು ಮೊಬೈಲ್ ನೋಡಿಯೇ ಬರೆಯಬೇಕು, ಕೈಗಡಿಯಾರದಿಂದಲ್ಲ. ನಮ್ಮ ಗುಂಪಿನ ಕೈಗಡಿಯಾರಗಳ ನಡುವೆ ನಾಲ್ಕು ನಿಮಿಷಗಳ ವ್ಯತ್ಯಾಸವಿದ್ದುದು ಬಿರುಗಾಳಿಯ ವೇಗವನ್ನು ಲೆಕ್ಕ ಹಾಕಹೊರಟಾಗ ತಿಳಿಯಿತು. ಉಪಗ್ರಹ ಮತ್ತು ರಾಡಾರ್ ಚಿತ್ರಗಳ ಮೇಲೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯವಿರುತ್ತದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಮಳೆಯ ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು, ಇಲ್ಲದಿದ್ದರೆ ಸಂಜೆಯ ಮಳೆ ಯಾವ ತಾರೀಖಿನ ಖಾತೆಗೆ ಸೇರಿತೆಂದು ಜೂನಿನಲ್ಲಿ ಜಗಳ ಹತ್ತುತ್ತದೆ. ಗಾತ್ರಕ್ಕೆ ಛಾಯಾಚಿತ್ರದಲ್ಲಿ ಕಲ್ಲಿನ ಪಕ್ಕ ಹತ್ತು ರೂಪಾಯಿಯ ನಾಣ್ಯವನ್ನು ಇಡಿ. ಅದರ ವ್ಯಾಸ 27 ಮಿಲಿಮೀಟರ್. 5 ಮಿಲಿಮೀಟರಿಗಿಂತ ಚಿಕ್ಕದಾದ ಹರಳನ್ನು ಆಣೆಕಲ್ಲೆಂದು ಎಣಿಸುವ ವಾಡಿಕೆಯಿಲ್ಲ, ಅದನ್ನು ಬೇರೆ ಕಲಮಿನಲ್ಲಿ ಬರೆಯಬೇಕು.

ಎರಡನೆಯದು, "ಇಲ್ಲ" ಎಂಬ ದಾಖಲೆ. ಆಣೆಕಲ್ಲು ಬಿದ್ದ ದಿನ ಎಲ್ಲರೂ ಉತ್ಸಾಹದಿಂದ ಬರೆಯುತ್ತಾರೆ. ಏನೂ ಆಗದ ದಿನ ಪುಟ ಖಾಲಿ ಉಳಿಯುತ್ತದೆ, ಮತ್ತು ಎರಡು ತಿಂಗಳ ಮೇಲೆ ಆ ಖಾಲಿ ಜಾಗದ ಅರ್ಥ "ಆಣೆಕಲ್ಲು ಬೀಳಲಿಲ್ಲ" ಎಂದೋ "ಹುಡುಗ ಮದುವೆಗೆ ಹೋಗಿದ್ದ" ಎಂದೋ ಯಾರಿಗೂ ಹೇಳಲಾಗುವುದಿಲ್ಲ. ಏಪ್ರಿಲ್-ಮೇ ನಮ್ಮಲ್ಲಿ ಮದುವೆಗಳ ಕಾಲವೂ ಹೌದು. ಆದ್ದರಿಂದ ಪ್ರತಿದಿನ ಸಂಜೆ "ಬಂತು", "ಬರಲಿಲ್ಲ", "ನಾನು ಊರಲ್ಲಿರಲಿಲ್ಲ" ಎಂಬ ಮೂರರಲ್ಲಿ ಒಂದನ್ನು ಬರೆದೇ ತೀರಬೇಕೆಂಬ ನಿಯಮವಿರಲಿ. ಮೂರನೆಯ ಉತ್ತರವನ್ನು ಬರೆದವರನ್ನು ಗದರಿಸಬೇಡಿ. ಗದರಿಸಿದರೆ ಮುಂದಿನ ಸಲ ಅವರು ಎರಡನೆಯದನ್ನು ಬರೆಯುತ್ತಾರೆ, ಅಲ್ಲಿಗೆ ಇಡೀ ಪಟ್ಟಿ ಕೆಟ್ಟಂತೆ.

ಘಟನೆಯ ಮರುದಿನ ಹಳ್ಳಿಗೆ ಹೋಗಿ ಜನರನ್ನು ಕೇಳುವುದು ಭೂಗೋಳದ ವಿದ್ಯಾರ್ಥಿಗಳಿಗೆ ಒಪ್ಪುವ ಕೆಲಸ. ಕೇಳುವ ರೀತಿಯಲ್ಲಿ ಎಚ್ಚರ ಬೇಕು. "ನಿಂಬಿಕಾಯಿ ಇದ್ದಂಗ ಇದ್ದುವ್ರೀ" ಎಂದು ಹೇಳಿದವರ ಮುಂದೆ ಕಡಲೆ, ಗೋಲಿ ಗುಂಡು, ಅಡಿಕೆ, ನಿಂಬೆಕಾಯಿಗಳನ್ನು ಒಂದು ತಟ್ಟೆಯಲ್ಲಿಟ್ಟು ತೋರಿಸಲು ಹೇಳಿದರೆ ಬೆರಳು ಅನೇಕ ಸಲ ಅಡಿಕೆಯ ಮೇಲೆ ಇಳಿಯುತ್ತದೆ. ಸಮಯವನ್ನು ಗಂಟೆಯಲ್ಲಿ ಕೇಳುವ ಬದಲು "ದನ ಮನೆಗೆ ಬಂದಿದ್ವೇನು, ಸಂಜೆಯ ಬಸ್ಸು ಹೋಗಿತ್ತೇನು" ಎಂದು ಕೇಳಿ, ಆಮೇಲೆ ಬಸ್ಸಿನ ವೇಳೆಯನ್ನು ತಾಳೆ ನೋಡಬಹುದು. ಹಿಂದಿನ ವರ್ಷಗಳ ಘಟನೆಗಳನ್ನು ಕೇಳುವಾಗ ತಾರೀಖಿಗಿಂತ ಮಳೆ ನಕ್ಷತ್ರ ಹೆಚ್ಚು ನಂಬಿಕೆಗೆ ತಕ್ಕದ್ದು: ಹಿರಿಯರಿಗೆ ಏಪ್ರಿಲ್ 30 ನೆನಪಿರದು, ಭರಣಿ ಮಳೆಯಲ್ಲಿ ಮಾವು ಉದುರಿದ್ದು ನೆನಪಿರುತ್ತದೆ, ಮತ್ತು ಭರಣಿಯೆಂದರೆ ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದ ಒಳಗೆ ಎಂಬುದು ನಮಗೆ ಗೊತ್ತೇ ಇದೆ. ಇನ್ನೊಂದು ಮಾತು. ನೋಟುಪುಸ್ತಕ ಹಿಡಿದು ಹೊಲಕ್ಕೆ ಬಂದವರನ್ನು ಕಂಡರೆ ರೈತರು ಬೆಳೆಹಾನಿಯ ಸಮೀಕ್ಷೆಗೆ ಬಂದವರೆಂದೇ ತಿಳಿಯುತ್ತಾರೆ. "ತಮ್ಮಾ, ಪರಿಹಾರ ಬರತೈತೇನು?" ಎಂಬ ಪ್ರಶ್ನೆಗೆ, ತಾವು ಕಾಲೇಜಿನವರು, ಪರಿಹಾರಕ್ಕೂ ತಮಗೂ ಸಂಬಂಧವಿಲ್ಲ ಎಂದು ಮಾತಿನ ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಆದರೆ ಬೆಳೆ ವಿಮೆ ಮಾಡಿಸಿದವರು ಆಣೆಕಲ್ಲಿನ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬುದನ್ನು ನೆನಪಿಸಿ, ರೈತ ಸಂಪರ್ಕ ಕೇಂದ್ರದ ದಾರಿ ತೋರಿಸುವುದು ಮನುಷ್ಯತ್ವ. ಅದರಿಂದ ಸಂಶೋಧನೆಗೆ ಯಾವ ಕುಂದೂ ಬರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ನನ್ನ ನಿಯಮ ಒಂದೇ: ಮಳೆಯ ಬೆನ್ನು ಹತ್ತಿ ಯಾರೂ ಹೋಗಬಾರದು. ಅಮೆರಿಕದ ಸುಂಟರಗಾಳಿ ಬೆನ್ನಟ್ಟುವವರ ದೃಶ್ಯಗಳನ್ನು ನೋಡಿದ ಹುಡುಗರಿಗೆ ಬೈಕು ಹತ್ತಿ ಮೋಡದ ಹಿಂದೆ ಹೊರಡುವ ಆಸೆ ಹುಟ್ಟುವುದು ಸಹಜ. 2022ರ ಏಪ್ರಿಲ್ 29ರ ರಾತ್ರಿ ಓಕ್ಲಹೋಮಾ ವಿಶ್ವವಿದ್ಯಾಲಯದ ಮೂವರು ಹವಾಮಾನಶಾಸ್ತ್ರ ವಿದ್ಯಾರ್ಥಿಗಳು ಕಾನ್ಸಾಸಿನಿಂದ ಸುಂಟರಗಾಳಿಯನ್ನು ನೋಡಿ ಮರಳುವಾಗ ಮಳೆನೀರಿನ ರಸ್ತೆಯಲ್ಲಿ ಕಾರು ಜಾರಿ, ಲಾರಿ ಬಡಿದು ಸತ್ತರು. ಈ ಸಂಗತಿಯನ್ನು ಮೊದಲ ಸಭೆಯಲ್ಲೇ ಹೇಳಿ. ಸಿಡಿಲಿನ ಮಾತು ಇನ್ನೂ ಹತ್ತಿರದ್ದು. ನಮ್ಮ ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ, ಅವರಲ್ಲಿ ಹೊಲದಲ್ಲಿದ್ದವರು, ಮರದ ಕೆಳಗೆ ನಿಂತವರು ಬಹಳ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಎಣಿಕೆ 30 ದಾಟದಿದ್ದರೆ ಪಕ್ಕಾ ಕಟ್ಟಡದ ಒಳಗಿರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಹಲಗೆ ಹೊರಗಿರುತ್ತದೆ, ವಿದ್ಯಾರ್ಥಿ ಒಳಗಿರುತ್ತಾನೆ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪನ್ನು ಎಲ್ಲರ ಮೊಬೈಲಿಗೂ ಹಾಕಿಸಿ. ಪಾಲಕರ ಒಪ್ಪಿಗೆ ಪತ್ರ, ಪ್ರಾಂಶುಪಾಲರ ಅನುಮತಿ ಇತ್ಯಾದಿಗಳನ್ನು ಫೆಬ್ರುವರಿಯೊಳಗೆ ಮುಗಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನೆಲದ ದಾಖಲೆ ಕೈಸೇರಿದ ಮೇಲೆ ಮುಗಿಲನ್ನು ಓದುವ ಕೆಲಸ. ಭಾರತೀಯ ಹವಾಮಾನ ಇಲಾಖೆಯ ಬೇಸಿಗೆಯ ವರದಿಗಳಲ್ಲಿ ವಿದರ್ಭದಿಂದ ಮರಾಠವಾಡ, ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನತ್ತ ಚಾಚಿದ ಕಡಿಮೆ ಒತ್ತಡದ ಪಟ್ಟಿಯ ಉಲ್ಲೇಖ ಪದೇ ಪದೇ ಬರುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ಘಟ್ಟ ಹತ್ತಿ ಬರುವ ತೇವದ ಗಾಳಿಯೂ ಬಯಲುಸೀಮೆಯ ಕಾದ ಒಣಗಾಳಿಯೂ ಸಂಧಿಸುವ ಗೆರೆ ಆ ದಿನ ಎಲ್ಲಿತ್ತೆಂಬುದನ್ನು ವಿದ್ಯಾರ್ಥಿ ನಕ್ಷೆಯ ಮೇಲೆ ತಾನೇ ಪೆನ್ಸಿಲಿನಿಂದ ಎಳೆಯಲಿ. ಇನ್ಸಾಟ್ ಉಪಗ್ರಹಗಳ ದತ್ತಾಂಶ ಇಸ್ರೋದ ಮೊಸ್ಡಾಕ್ ತಾಣದಲ್ಲಿ ಸಿಗುತ್ತದೆ. ಐರೋಪ್ಯ ಹವಾಮಾನ ಮುನ್ಸೂಚನಾ ಕೇಂದ್ರವು ಹಳೆಯ ವೀಕ್ಷಣೆಗಳನ್ನೂ ಕಂಪ್ಯೂಟರ್ ಮಾದರಿಯನ್ನೂ ಬೆಸೆದು ಸಿದ್ಧಪಡಿಸಿದ ಇಆರ್‌ಎ5 ಮರುವಿಶ್ಲೇಷಣೆಯಲ್ಲಿ 1940ರಿಂದ ಈಚಿನ ಗಂಟೆಗಂಟೆಯ ವಿವರವಿದೆ, ಆದರೆ ಅದರ ಒಂದು ಚೌಕ ಸುಮಾರು 31 ಕಿಲೋಮೀಟರ್ ಅಗಲವಿರುವುದರಿಂದ ಒಂದು ಹಳ್ಳಿಯ ಆಣೆಕಲ್ಲನ್ನು ಅದರಲ್ಲಿ ಹುಡುಕಬಾರದು.

ಇಲ್ಲಿ ಎರಡು ಹೊಂಡಗಳಿವೆ, ಎರಡರಲ್ಲೂ ಬಿದ್ದವರನ್ನು ಕಂಡಿದ್ದೇನೆ. ಮೊದಲನೆಯದು ರಾಡಾರ್. ಗೋವಾದ ಡಾಪ್ಲರ್ ರಾಡಾರಿನಿಂದ ಧಾರವಾಡಕ್ಕೆ ನೇರ ದೂರ ಸುಮಾರು 125 ಕಿಲೋಮೀಟರ್, ಗದಗಿಗೆ ಸುಮಾರು 190. ಅರ್ಧ ಡಿಗ್ರಿ ಮೇಲೆ ಮುಖ ಮಾಡಿದ ಕಿರಣ, ಭೂಮಿಯ ಬಾಗುವಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಧಾರವಾಡದ ಹತ್ತಿರ ಸಮುದ್ರಮಟ್ಟದಿಂದ ಎರಡು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಗದಗಿನ ಹತ್ತಿರ ನಾಲ್ಕರ ಸಮೀಪ. ನಡುವೆ ಘಟ್ಟದ ಸಾಲೂ ಇದೆ. ಅಂದರೆ ರಾಡಾರ್ ಚಿತ್ರದಲ್ಲಿ ಕಾಣುವುದು ಮೋಡದ ನಡುಭಾಗವೇ ಹೊರತು ನೆಲಕ್ಕೆ ಬಿದ್ದ ಮಳೆಯಲ್ಲ. ಬೇಸಿಗೆಯಲ್ಲಿ ನಮ್ಮ ಮೇಲೆ ಶೂನ್ಯ ಡಿಗ್ರಿಯ ಮಟ್ಟ ನಾಲ್ಕೂವರೆಯಿಂದ ಐದು ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮೋಡದಲ್ಲಿ ಹುಟ್ಟಿದ ಆಣೆಕಲ್ಲಿನಲ್ಲಿ ಬಹುಪಾಲು ದಾರಿಯಲ್ಲೇ ಕರಗಿ ನೀರಾಗುತ್ತದೆ. ಅದಕ್ಕಾಗಿಯೇ ಹಲಗೆಯ ಕುಳಿಗೆ ಬೆಲೆ.

ಎರಡನೆಯದು ಬಲೂನು ವೀಕ್ಷಣೆ, ಅಂದರೆ ಉಪಕರಣ ಕಟ್ಟಿದ ಬಲೂನನ್ನು ಹಾರಿಸಿ ಮೇಲ್ಗಾಳಿಯ ಒತ್ತಡ, ಉಷ್ಣತೆ, ತೇವಾಂಶಗಳನ್ನು ಅಳೆಯುವುದು. ಹುಬ್ಬಳ್ಳಿ-ಧಾರವಾಡದ ಸುತ್ತ ಮೇಲ್ಗಾಳಿಯ ದಾಖಲೆ ಬೇಕೆಂದರೆ ಗೋವಾ, ಮಂಗಳೂರು, ಬೆಂಗಳೂರು ಕೇಂದ್ರಗಳನ್ನು ನೋಡಬೇಕು, ಅವುಗಳ ಬೆಳಗಿನ 5.30ರ ವಿವರ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಗಾಳಿ ಮೇಲೇರಲು ದೊರೆಯುವ ಶಕ್ತಿಯನ್ನು ಸೂಚಿಸುವ ಕೇಪ್ ಎಂಬ ಸಂಖ್ಯೆಯೂ ಅಲ್ಲೇ ಮುದ್ರಿತವಾಗಿರುತ್ತದೆ, ಅದನ್ನು ಹಾಗೆಯೇ ಎತ್ತಿ ಪಟ್ಟಿಗೆ ಸೇರಿಸುವುದು ದೊಡ್ಡ ತಪ್ಪು. ಗೋವಾ ಕಡಲ ಮಟ್ಟದ ಊರು. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿನ ನೆಲದ ಒತ್ತಡ 925 ಹೆಕ್ಟೊಪ್ಯಾಸ್ಕಲಿನ ಆಸುಪಾಸು. ಗೋವಾದ ದಾಖಲೆಯಲ್ಲಿ ಅದಕ್ಕಿಂತ ಕೆಳಗಿನ ತೇವದ ಪದರು ನಮ್ಮ ಮಟ್ಟಿಗೆ ಭೂಮಿಯ ಒಳಗಿದ್ದಂತೆ. ಆ ಪದರನ್ನು ಕತ್ತರಿಸಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಹತ್ತಿರದ ವೀಕ್ಷಣಾಲಯದ ಮಧ್ಯಾಹ್ನದ ಉಷ್ಣತೆಯನ್ನೂ ತೇವಾಂಶವನ್ನೂ ಬುಡದಲ್ಲಿ ಕೂಡಿಸಿ, ಕೇಪನ್ನು ಹೊಸದಾಗಿ ಲೆಕ್ಕ ಹಾಕಬೇಕು. ಪೈಥಾನಿನ ಮೆಟ್‌ಪೈ ಎಂಬ ಉಚಿತ ಸಾಧನದಿಂದ ಇದು ಕೆಲವೇ ಸಾಲುಗಳ ಕೆಲಸ. ಮೊದಲ ಐದು ದಿನಗಳದ್ದನ್ನು ಮಾತ್ರ ಕೈಯಿಂದ ಚಾರ್ಟಿನ ಮೇಲೆ ಎಳೆಸಿ.

ಬೇಸಿಗೆಯುದ್ದಕ್ಕೂ ಆಸಕ್ತಿ ಉಳಿಯಬೇಕಾದರೆ ಮುನ್ಸೂಚನೆಯ ಪಂದ್ಯ ನಡೆಸಿ. ಪ್ರತಿಯೊಬ್ಬರೂ ಬೆಳಿಗ್ಗೆ ಹತ್ತರೊಳಗೆ ತಮ್ಮ ಊರಿಗೆ ಗುಡುಗು ಬರುತ್ತದೆಯೇ ಇಲ್ಲವೇ ಎಂದು ಬರೆಯಲಿ, ರಾತ್ರಿ ಎಂಟಕ್ಕೆ ತಾಳೆ ನೋಡಲಿ. ಅಂಕ ಕೊಡುವ ಮೊದಲು ಫಿನ್ಲೆ ಎಂಬ ಹವಾಮಾನ ಮುನ್ಸೂಚಕನ ಕಥೆ ಹೇಳಿ. 1884ರಲ್ಲಿ ಆತ ಅಮೆರಿಕದಲ್ಲಿ ಸುಂಟರಗಾಳಿಯ 2803 ಮುನ್ಸೂಚನೆಗಳನ್ನು ಮಾಡಿ 96.6 ಶೇಕಡಾ ಸರಿಯೆಂದು ಲೆಕ್ಕ ತೋರಿಸಿದ. "ಎಂದೂ ಬರುವುದಿಲ್ಲ" ಎಂದು ಕಣ್ಣು ಮುಚ್ಚಿ ಹೇಳಿದ್ದರೂ 98.2 ಶೇಕಡಾ ಸರಿಯಾಗುತ್ತಿತ್ತು. ನಿಜವಾಗಿ ಬಂದ 51 ಸುಂಟರಗಾಳಿಗಳಲ್ಲಿ ಆತ ಮೊದಲೇ ಹಿಡಿದದ್ದು 28, ಸುಳ್ಳಾದ ಎಚ್ಚರಿಕೆ 72. ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಸುಳ್ಳೆಚ್ಚರಿಕೆ ಎಷ್ಟು ಎಂದು ಬೇರೆ ಬೇರೆ ಎಣಿಸುವುದನ್ನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ವಹಿಸಿ. ನಮ್ಮಲ್ಲಿ ಎರಡು ವರ್ಷವೂ ಈ ಪಂದ್ಯದಲ್ಲಿ ನಾನು ಗೆಲ್ಲಲಿಲ್ಲ, ಕುಂದಗೋಳ ಕಡೆಯ ಒಬ್ಬ ಹುಡುಗಿ ಗೆದ್ದಳು. ಬೆಳಿಗ್ಗೆ ಒಣಹಾಕಿದ ಮೆಣಸಿನಕಾಯಿ ಕೈಗೆ ಮೆತ್ತಗಾಗಿದೆಯೇ ಎಂದು ಅವಳ ಅಜ್ಜಿ ಹಿಚುಕಿ ನೋಡಿ ಹೇಳುತ್ತಿದ್ದರಂತೆ. ತೇವಾಂಶ ಅಳೆಯುವ ಆ ವಿಧಾನವನ್ನೇ ಮರುವರ್ಷ ಅವಳ ಪ್ರಶ್ನೆಯಾಗಿ ಬರೆಸಿದೆ.

ಜೂನ್ ಮೊದಲ ವಾರ, ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, ಹಲಗೆಗಳನ್ನೆಲ್ಲ ಒಳಗೆ ತರಿಸಿ, ಹಿಂಬದಿಗೆ ಊರು ಮತ್ತು ತಾರೀಖನ್ನು ಬರೆಸಿ. ಬರವಣಿಗೆಯಲ್ಲಿ ಯಾರ ಹೆಸರು ಎಲ್ಲಿ ಬರಬೇಕೆಂಬುದನ್ನು ಕೆಲಸ ಆರಂಭಿಸುವಾಗಲೇ ಕಾಗದದ ಮೇಲೆ ಒಪ್ಪಿಕೊಂಡಿರಬೇಕು: ಎರಡು ತಿಂಗಳು ದಾಖಲೆ ಇಟ್ಟು, ಒಂದು ಚಿತ್ರವನ್ನಾದರೂ ತಾನೇ ಬಿಡಿಸಿ, ಅದನ್ನು ಸಭೆಯೆದುರು ಸಮರ್ಥಿಸಿದ ವಿದ್ಯಾರ್ಥಿಯ ಹೆಸರು ಲೇಖಕರ ಸಾಲಿನಲ್ಲಿರಬೇಕು, ಕೃತಜ್ಞತೆಯ ಸಾಲಿನಲ್ಲಲ್ಲ. ಹವಾಮಾನ ಇಲಾಖೆಯ ಮೌಸಮ್ ಪತ್ರಿಕೆಗೆ ಕಳುಹಿಸುವಷ್ಟು ಗಟ್ಟಿಯಾದ ಲೇಖನಕ್ಕೆ ಎರಡು ಮೂರು ಬೇಸಿಗೆಗಳಾದರೂ ಬೇಕು. ಅಲ್ಲಿಯವರೆಗೆ ಟ್ರಾಪ್‌ಮೆಟ್ ಎಂಬ ಹವಾಮಾನಶಾಸ್ತ್ರ ಸಮಾವೇಶದ ಭಿತ್ತಿಚಿತ್ರ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಇವೆರಡೂ ಕೈಗೆಟುಕುವಂಥವು. ಜುಲೈ ಮುಗಿಯುವ ಮೊದಲು ಒಂದು ಪುಟದ ಕನ್ನಡ ವರದಿಯನ್ನು ಪ್ರತಿ ಊರಿನ ಗ್ರಾಮ ಪಂಚಾಯಿತಿಗೂ, ನಿಂಬೆ ಅಡಿಕೆಗಳ ತಟ್ಟೆಯ ಮುಂದೆ ಕುಳಿತು ಉತ್ತರಿಸಿದವರ ಮನೆಗೂ ವಿದ್ಯಾರ್ಥಿಗಳೇ ಒಯ್ದು ಕೊಡಲಿ, ಮತ್ತು ಮೂಲ ನೋಟುಪುಸ್ತಕಗಳನ್ನು ಕಿರಿಯ ತಂಡಕ್ಕೆ ಒಪ್ಪಿಸುವಾಗ "ನಾನು ಊರಲ್ಲಿರಲಿಲ್ಲ" ಎಂದು ಬರೆದ ಪುಟಗಳನ್ನೂ ಹರಿಯದೆ ಹಾಗೆಯೇ ಬಿಟ್ಟಿರಲಿ.